ಗೋಡೆ ಹಾರಿದವರು ಎಷ್ಟು ಜನ?

ಜೆ.ಪಿ. ನಗರದಲ್ಲಿ ಹತ್ತಾರು ವರ್ಷಗಳಿಂದ ಮನೆ ಮಾಡಿಕೊಂಡಿರುವವರಿಗೆ ಜೆ.ಪಿ. ಎಂದರೆ ಜಯಪ್ರಕಾಶ ನಾರಾಯಣ ಎಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಬನಶಂಕರಿ ದಾಟಿದ ಕೂಡಲೇ ಬರುವ ನಿಲ್ದಾಣಕ್ಕೂ ಅವರದೇ ಹೆಸರು. ವಯಸ್ಸಾದವರಿಗೆ ಆ ಹೆಸರು ಕೇಳಿದೊಡನೆ 1975ರ ತುರ್ತುಪರಿಸ್ಥಿತಿ ನೆನಪಾಗುತ್ತದೆ. ಬಿಳಿ ಜುಬ್ಬಾ ತೊಟ್ಟ, ಕಾಯಿಲೆಯಿಂದ ಬಳಲಿದ ಹಿರಿಯರೊಬ್ಬರ ಮುಖ ಕಣ್ಣ ಮುಂದೆ ಬರುತ್ತದೆ. ಆದರೆ ಇದೇ ಮನುಷ್ಯ 1942ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡರು, ಕಾಡುದಾರಿ ಹಿಡಿದು ಹೋದರು, ನೇಪಾಳದ ತರಾಯಿಯಲ್ಲಿ ‘ಆಜಾದ್ ದಸ್ತಾ’ ಎಂಬ ಗೆರಿಲ್ಲಾ ಪಡೆ ಕಟ್ಟಿದರು, ಅಲ್ಲಿ ಸೆರೆ ಸಿಕ್ಕಾಗ ಸಂಗಾತಿಗಳು ಹನುಮಾನ್‌ನಗರದಲ್ಲಿ ಕಾವಲಿನವರ ಮೇಲೆ ದಾಳಿ ಮಾಡಿ ಅವರನ್ನೂ ರಾಮಮನೋಹರ ಲೋಹಿಯಾರನ್ನೂ ಬಿಡಿಸಿಕೊಂಡು ಹೋದರು ಎಂದು ಹೇಳಿನೋಡಿ. ಕೇಳಿದವರ ಕಣ್ಣು ಅರಳುತ್ತದೆ. ಆಮೇಲೆ ಬರುವ ಮಾತು ಬಹುತೇಕ ಒಂದೇ: “ಒಳ್ಳೇ ಸಾಹಸ ಕಾದಂಬರಿ ಓದಿದ ಹಾಗಾಯ್ತಲ್ಲ!” ಮೆಚ್ಚುಗೆಯಿಂದಲೇ ಬರುವ ಈ ಮಾತಿನೊಳಗೆ ಒಂದು ದೊಡ್ಡ ಗೊಂದಲ ಇದೆ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಮೊದಲು ಆ ಅಭಿಪ್ರಾಯಕ್ಕೆ ನ್ಯಾಯ ಸಲ್ಲಿಸಬೇಕು. ಅದನ್ನು ಹೇಳುವವರು ದಡ್ಡರೂ ಅಲ್ಲ, ಹಗುರ ಮನಸ್ಸಿನವರೂ ಅಲ್ಲ. ಅವರ ವಾದ ಹೀಗಿದೆ: ಇತಿಹಾಸದಲ್ಲಿ ಕೆಲವರ ಬದುಕು ಕಲ್ಪನೆಯನ್ನೂ ಮೀರಿಸುತ್ತದೆ. ಸೆರೆಮನೆ, ಪಲಾಯನ, ವೇಷ ಮರೆಸಿದ ಪಯಣ, ತಲೆಗೆ ಕಟ್ಟಿದ ಬಹುಮಾನ, ಕೊನೇ ಕ್ಷಣದ ಬಿಡುಗಡೆ ಇವೆಲ್ಲ ಅಲ್ಲಿ ನಿಜವಾಗಿಯೂ ನಡೆದಿವೆ. ಪಠ್ಯಪುಸ್ತಕ ಇಂಥವರನ್ನು ಇಸವಿಗಳ ಪಟ್ಟಿಯೊಳಗೆ ಹೂತುಹಾಕಿದೆ. ಇವರು ಸಾಹಸ ಕಾದಂಬರಿಯ ನಾಯಕರ ಹಾಗೆಯೇ ಬಾಳಿದವರು ಎಂದು ತೋರಿಸಿದರೆ ಇತಿಹಾಸಕ್ಕೆ ಜೀವ ಬರುತ್ತದೆ, ಹುಡುಗರು ಓದುತ್ತಾರೆ, ಆ ವ್ಯಕ್ತಿಗಳಿಗೂ ತಕ್ಕ ಗೌರವ ಸಿಕ್ಕುತ್ತದೆ. ಇದರಲ್ಲಿ ಅರ್ಧ ನಿಜ. ಪಠ್ಯಪುಸ್ತಕದ ಬಗೆಗಿನ ದೂರಂತೂ ಪೂರ್ತಿ ನಿಜ. ಸಾಹಸ ಕಾದಂಬರಿಯನ್ನು ಕೀಳೆಂದು ಕಾಣುವ ಮನಸ್ಸೂ ನನಗಿಲ್ಲ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ಕಳಿಸಿ, ಪುಸ್ತಕ ಮುಟ್ಟದಿದ್ದ ಎಷ್ಟೋ ಜನಕ್ಕೆ ಕನ್ನಡ ಓದುವ ರುಚಿ ಹತ್ತಿಸಿದರು. ಅದು ಸಣ್ಣ ಉಪಕಾರವಲ್ಲ.

ಗೊಂದಲ ಇರುವುದು ಬೇರೆ ಕಡೆ. “ಕಾದಂಬರಿಯ ಹಾಗಿದೆ” ಎಂಬ ಮಾತಿನಲ್ಲಿ ಎರಡು ಹೇಳಿಕೆಗಳು ಅಂಟಿಕೊಂಡಿವೆ. ಈ ಬದುಕಿನಲ್ಲಿ ನಂಬಲು ಕಷ್ಟವಾದ ಘಟನೆಗಳಿವೆ ಎಂಬುದು ಒಂದು. ಈ ಬದುಕಿಗೆ ಸಾಹಸ ಕಾದಂಬರಿಯ ಆಕಾರ ಇದೆ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗುವುದಿಲ್ಲ. ಅಪರೂಪದ ಘಟನೆ ಬೇರೆ, ಘಟನೆಗಳು ಹೆಣೆದುಕೊಂಡ ರೀತಿ ಬೇರೆ. ಹಾಗಾದರೆ ಸಾಹಸ ಕಾದಂಬರಿಯ ಆಕಾರ ಎಂದರೇನು? ಯಾವ ಭಾಷೆಯದನ್ನೇ ತೆಗೆದುಕೊಳ್ಳಿ, ಮೂರು ಲಕ್ಷಣಗಳು ಕಾಣುತ್ತವೆ.

1. ಕೆಲಸವೆಲ್ಲ ಒಬ್ಬನಿಂದ ನಡೆಯುತ್ತದೆ. ಉಳಿದವರು ಅವನಿಗೆ ಸಹಾಯಕರು, ಇಲ್ಲವೇ ಅವನಿಂದ ಕಾಪಾಡಿಸಿಕೊಳ್ಳುವವರು.

2. ಅಪಾಯ ಅಧ್ಯಾಯದ ಜೊತೆ ಮುಗಿಯುತ್ತದೆ. ಗಾಯ ಮಾಯುತ್ತದೆ, ಸಾಲ ಉಳಿಯುವುದಿಲ್ಲ, ನಾಯಕನ ಸಾಹಸಕ್ಕೆ ಬೆಲೆ ತೆತ್ತವರ ಮನೆ ಬಾಗಿಲಿಗೆ ಕಥೆ ಹೋಗುವುದಿಲ್ಲ.

3. ನಾಯಕ ಬದಲಾಗುವುದಿಲ್ಲ. ಮೊದಲ ಪುಸ್ತಕದ ಪುರುಷೋತ್ತಮನೇ ನೂರನೆಯದರಲ್ಲೂ ಬರಬೇಕು. ಓದುಗ ದುಡ್ಡು ಕೊಟ್ಟಿರುವುದು ಅದಕ್ಕಾಗಿ.

ಈ ಮೂರೂ ಕಾದಂಬರಿಯ ದೋಷಗಳಲ್ಲ, ಅದರ ಕಸುಬಿನ ಕಟ್ಟುಪಾಡುಗಳು. ಆದರೆ ನಿಜವಾಗಿ ಬಾಳಿದವರೊಬ್ಬರ ಬದುಕಿಗೆ ಈ ಆಕಾರವಿತ್ತು ಎಂದು ಹೇಳಹೊರಟರೆ ಮೂರನ್ನೂ ಅಲ್ಲಿ ತೋರಿಸಬೇಕಾಗುತ್ತದೆ.

ಹಜಾರಿಬಾಗಿನಿಂದಲೇ ಶುರು ಮಾಡೋಣ. 1942ರ ನವೆಂಬರ್ 8ರ ರಾತ್ರಿ ಧೋತರಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಆ ಗೋಡೆ ದಾಟಿದವರು ಆರು ಮಂದಿ. ಜೆ.ಪಿ. ಅವರಲ್ಲಿ ಒಬ್ಬರು, ಅದರಲ್ಲೂ ದೈಹಿಕವಾಗಿ ಎಲ್ಲರಿಗಿಂತ ದುರ್ಬಲ ಸ್ಥಿತಿಯಲ್ಲಿದ್ದವರು. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು ಅವರನ್ನು ಹಿಂಡುತ್ತಿತ್ತು. ಕಾಡಿನ ಹಾದಿಯಲ್ಲಿ ಅವರನ್ನು ಹೆಗಲ ಮೇಲೆ ಹೊತ್ತು ನಡೆದವರು ಯೋಗೇಂದ್ರ ಶುಕ್ಲ, ಅದಕ್ಕೆ ಮೊದಲೇ ಅಂಡಮಾನಿನ ಸೆಲ್ಯುಲಾರ್ ಜೈಲು ಕಂಡುಬಂದಿದ್ದ ಕ್ರಾಂತಿಕಾರಿ. ಇತ್ತ ಜೈಲಿನೊಳಗೆ ಹಿಂದಿ ಲೇಖಕ ರಾಮವೃಕ್ಷ ಬೇನೀಪುರಿಯವರೂ ಇತರ ಕೈದಿಗಳೂ ದೀಪಾವಳಿಯ ಹಾಡು ಕುಣಿತಗಳಲ್ಲಿ ಕಾವಲಿನವರ ಗಮನ ಹಿಡಿದಿಟ್ಟರು. ಆರು ಜನ ಇಲ್ಲವೆಂಬುದು ಜೈಲಿನವರಿಗೆ ಗೊತ್ತಾಗುವಷ್ಟರಲ್ಲಿ ಗಂಟೆಗಟ್ಟಲೆ ಹೊತ್ತು ಕಳೆದಿತ್ತು. ಈಗ ಕಾರಣಗಳನ್ನು ಎಣಿಸಿ. ಒಳಗಿದ್ದವರ ಗದ್ದಲ ಇಲ್ಲದಿದ್ದರೆ ಗೋಡೆಯ ಬಳಿಯೇ ಸಿಕ್ಕಿಬೀಳುತ್ತಿದ್ದರು. ಶುಕ್ಲರ ಹೆಗಲಿಲ್ಲದಿದ್ದರೆ ಜೆ.ಪಿ. ಆ ದಾರಿ ಸವೆಸುತ್ತಿರಲಿಲ್ಲ. ಇವು ಕಥೆಗೆ ತೊಡಿಸಿದ ಅಲಂಕಾರಗಳಲ್ಲ, ಕಥೆ ನಡೆಯಲು ಕಾರಣಗಳೇ ಇವು. “ಜೆ.ಪಿ. ಜೈಲು ಗೋಡೆ ಹಾರಿದರು” ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸರಿ; ಹೇಗೆ ಹಾರಿದರು ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ಎರಡನೆಯ ಲಕ್ಷಣ, ಅಪಾಯ ಅಧ್ಯಾಯದೊಂದಿಗೆ ಮುಗಿಯುವುದು. ಕಾದಂಬರಿಯ ಓದುಗ ನಾಯಕನ ಜೊತೆ ಓಡುತ್ತಿರುತ್ತಾನೆ, ಹಿಂದೆ ಉಳಿದವರ ಗತಿ ಏನಾಯಿತೆಂದು ನೋಡಲು ಅವನಿಗೆ ಬಿಡುವಿಲ್ಲ. ನಾವು ನೋಡಬೇಕು. ಯೋಗೇಂದ್ರ ಶುಕ್ಲರು ತಿಂಗಳು ಕಳೆಯುವಷ್ಟರಲ್ಲಿ ಮುಜಫ್ಫರ್‌ಪುರದಲ್ಲಿ ಸಿಕ್ಕಿಬಿದ್ದರು. ಬಕ್ಸರ್ ಜೈಲಿನಲ್ಲಿ ಸಂಕೋಲೆ, ಉಪವಾಸ. ಕೊನೆಯ ದಿನಗಳಲ್ಲಿ ದೃಷ್ಟಿ ಕಳೆದುಕೊಂಡು 1960ರಲ್ಲಿ ತೀರಿಕೊಂಡರು. ಸೂರಜ್ ನಾರಾಯಣ ಸಿಂಹರು ಗೋಡೆ ಹಾರಿದ ಆರು ಜನರಲ್ಲೂ ಇದ್ದರು, ಹನುಮಾನ್‌ನಗರದ ಬಿಡುಗಡೆಯ ಮುಂದಾಳುಗಳಲ್ಲೂ ಇದ್ದರು. ಬ್ರಿಟಿಷರ ಗುಂಡಿಗೆ ಸಿಗದ ಆ ಮನುಷ್ಯ ಸ್ವತಂತ್ರ ಭಾರತದಲ್ಲಿ, 1973ರಲ್ಲಿ, ರಾಂಚಿಯಲ್ಲಿ ಕಾರ್ಮಿಕರ ಪರವಾಗಿ ನಿಂತಾಗ ಪೊಲೀಸರ ಏಟು ತಿಂದು ಪ್ರಾಣ ಬಿಟ್ಟರು. ಜೆ.ಪಿ.ಯವರ ಪಡೆಯ ಬಂಡುಕೋರರಿಗೆ ಆಶ್ರಯ ಕೊಟ್ಟ ತಪ್ಪಿಗೆ ತರಾಯಿಯ ನೇಪಾಳಿಗಳು ತಮ್ಮದೇ ಸರ್ಕಾರದ ಸೆರೆಮನೆ ಸೇರಿದರು. ಜೆ.ಪಿ.ಯವರಿಗೂ ಸುಖಾಂತ್ಯ ಸಿಗಲಿಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನಲ್ಲಿ ರೈಲಿನೊಳಗೇ ಬಂಧಿಸಿ ಲಾಹೋರಿನ ಕೋಟೆಯಲ್ಲಿಟ್ಟರು, ನಿದ್ದೆಗೊಡದೆ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿ ಹಿಂಸಿಸಿದರು. ಬಿಡುಗಡೆ ಆದದ್ದು 1946ರ ಏಪ್ರಿಲ್‌ನಲ್ಲಿ. ಲೆಕ್ಕ ಹಾಕಿದರೆ ಓಡಾಟದ ಕಾಲ ಹತ್ತು ತಿಂಗಳು, ಅದಕ್ಕೆ ತೆತ್ತ ಸೆರೆವಾಸ ಎರಡೂವರೆ ವರ್ಷ. ನಾವು ಹತ್ತು ತಿಂಗಳನ್ನು ಬದುಕು ಎಂದು ಕರೆದು, ಎರಡೂವರೆ ವರ್ಷವನ್ನು ಕೈಬಿಡುತ್ತೇವೆ.

ಮೂರನೆಯ ಲಕ್ಷಣದ ಹತ್ತಿರ ಬಂದಾಗ ಹೋಲಿಕೆ ಪೂರ್ತಿ ಮುರಿದುಬೀಳುತ್ತದೆ. ಇಲ್ಲಿ ಕರ್ನಾಟಕದ ಇನ್ನೊಂದು ಜೀವವನ್ನು ಜೆ.ಪಿ.ಯವರ ಪಕ್ಕದಲ್ಲಿ ಇಟ್ಟು ನೋಡಬೇಕು. ಹಾವೇರಿ ಬಳಿಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಗಾಂಧೀಜಿಯವರ ಜೊತೆ ದಂಡಿಗೆ ನಡೆದರು. ಆ ಆಯ್ದ ತಂಡದಲ್ಲಿದ್ದ ಕನ್ನಡಿಗರು ಅವರೊಬ್ಬರೇ. ಅವರ ಹೆಂಡತಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಜೈಲು ಕಂಡವರು. 1942ರ ಚಳವಳಿಯಲ್ಲಿ ಇದೇ ಸತ್ಯಾಗ್ರಹಿ ಸರ್ಕಾರಿ ಆಡಳಿತವನ್ನು ನಿಲ್ಲಿಸುವ ವಿಧ್ವಂಸಕ ಕೆಲಸಗಳಿಗೆ ತಂಡ ಕಟ್ಟಿದರು. 1943ರ ಏಪ್ರಿಲ್ 1ರಂದು, ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಈಗ ಎರಡು ದಾರಿಗಳನ್ನು ಗಮನಿಸಿ. ಮಹಾದೇವಪ್ಪ ಉಪ್ಪಿನ ಸತ್ಯಾಗ್ರಹದಿಂದ ಹೊರಟು ದಾಳಿಗೆ ಬಂದರು. ಜೆ.ಪಿ. ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ನಡೆದರು. ಅಮೆರಿಕದಲ್ಲಿ ಓದುವಾಗ ಮಾರ್ಕ್ಸ್‌ವಾದಿಯಾದವರು, 1942–43ರಲ್ಲಿ ಬಂದೂಕಿನ ತರಬೇತಿ ಕೊಟ್ಟವರು, 1954ರಲ್ಲಿ ಬೋಧಗಯೆಯಲ್ಲಿ ವಿನೋಬಾರ ಸರ್ವೋದಯಕ್ಕೆ ಜೀವನದಾನ ಘೋಷಿಸಿದರು. 1972ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅವರೆದುರಿಗೆ. ಅಂದರೆ ತಾನೇ ಮಾಡಿದ ಸಾಹಸದ ದಾರಿಯನ್ನು ಜೆ.ಪಿ. ತಾನೇ ಯೋಚಿಸಿ ಬಿಟ್ಟುಕೊಟ್ಟರು.

ಸಾಹಸ ಕಾದಂಬರಿಯ ನಾಯಕ ಮಾಡಲಾರದ ಕೆಲಸವೊಂದಿದ್ದರೆ ಅದು ಇದೇ. ಮಾಡಿದ್ದನ್ನು ಹಿಂತಿರುಗಿ ನೋಡಿ, ಸರಿಯೇ ತಪ್ಪೇ ಎಂದು ತೂಗಿ, ದಾರಿ ಬದಲಿಸುವುದು ಅವನ ಕೈಲಾಗದು. ಬದಲಿಸಿದರೆ ಮಾಲೆಯೇ ನಿಲ್ಲುತ್ತದೆ. ಜೆ.ಪಿ. ಮತ್ತು ಮಹಾದೇವಪ್ಪ ಇಬ್ಬರನ್ನೂ ಕಾಡಿದ ಪ್ರಶ್ನೆ ಒಂದೇ: ಅನ್ಯಾಯದ ಆಡಳಿತವನ್ನು ಎದುರಿಸಲು ಯಾವ ಸಾಧನ ನ್ಯಾಯವಾದದ್ದು? ಇಬ್ಬರೂ ಕೊಟ್ಟುಕೊಂಡ ಉತ್ತರ ಬೇರೆ, ಹೊರಳಿದ ದಿಕ್ಕು ಬೇರೆ. ನಾವು ತಲೆಕೆಡಿಸಿಕೊಳ್ಳಬೇಕಾದ ಜಾಗ ಅದು. ಆದರೆ ಸಾಹಸದ ಕನ್ನಡಕ ಹಾಕಿಕೊಂಡವರಿಗೆ ಕಾಣುವುದು ಗೋಡೆ ಮತ್ತು ದಾಳಿ ಮಾತ್ರ. ಆ ಎರಡೂ ಒಂದೇ ಥರ ರೋಮಾಂಚಕವಾಗಿರುವುದರಿಂದ, ತದ್ವಿರುದ್ಧವಾಗಿ ನಡೆದ ಇಬ್ಬರು ಒಂದೇ ಅಚ್ಚಿನ ಬೊಂಬೆಗಳಾಗಿಬಿಡುತ್ತಾರೆ.

ಇನ್ನೊಂದು ತೊಡಕಿದೆ, ಅದು ಹೋಲಿಕೆಗಿಂತ ಆಳದ್ದು. ಒಂದು ಬದುಕು ನಮಗೆ ಕಾದಂಬರಿಯಂತೆ ಕಂಡರೆ, ಅದನ್ನು ಹಾಗೆ ಕಾಣಿಸಿದವರು ಯಾರು ಎಂದು ಕೇಳಬೇಕು. ಧೋಂಡಿಯಾ ವಾಘ್‌ನನ್ನು ನೋಡಿ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಕುದುರೆ ಸವಾರ, ಹೈದರನ ಸೇನೆಯಲ್ಲಿದ್ದವನು, ಆಮೇಲೆ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಬಂಧಿಯಾದವನು. 1799ರ ಮೇ 4ರಂದು ಕೋಟೆ ಬಿದ್ದಾಗ ಸೆರೆಯಿಂದ ಹೊರಬಿದ್ದ. ಕೆಲವೇ ತಿಂಗಳಲ್ಲಿ ಶಿವಮೊಗ್ಗ, ಬಿದನೂರು ಸೀಮೆಯಲ್ಲಿ ದೊಡ್ಡ ಪಡೆಯ ಒಡೆಯನಾದ. ‘ಉಭಯ ಲೋಕಾಧೀಶ್ವರ’ ಎಂಬ ಬಿರುದು ಇಟ್ಟುಕೊಂಡ. ಮರಾಠರ ಸರದಾರ ಧೋಂಡೋಪಂತ ಗೋಖಲೆ ಅವನೊಡನೆ ಕಾದಾಡಿ ಸತ್ತ. ಧೋಂಡಿಯಾನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ, ಬಟಾವಿಯಾ ದಂಡಯಾತ್ರೆಯ ಮುಂದಾಳತ್ವವನ್ನೂ ಬಿಟ್ಟು ಈ ಬೇಟೆಗೆ ನಿಂತ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಬಳಿ ವೆಲ್ಲೆಸ್ಲಿ ತಾನೇ ಕುದುರೆಯೇರಿ ನಡೆಸಿದ ದಾಳಿಯಲ್ಲಿ ಧೋಂಡಿಯಾ ಸತ್ತ. ಅವನ ಬೀಡಿನಲ್ಲಿ ಸಿಕ್ಕ ಸಲಾಬತ್ ಖಾನ್ ಎಂಬ ಎಳೆಯ ಹುಡುಗನನ್ನು ವೆಲ್ಲೆಸ್ಲಿ ಸಾಕಿ, ಭಾರತ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ.

ಇದಕ್ಕಿಂತ ಸಿದ್ಧವಾದ ಸಾಹಸ ಕಾದಂಬರಿ ಬೇಕೆ? ಆದರೆ ಈ ಕಥೆ ನಮಗೆ ಬಂದಿರುವುದು ಹೆಚ್ಚಾಗಿ ಬೆನ್ನಟ್ಟಿದವರ ಕಾಗದಗಳಿಂದ. ದಂಡಿನ ಬೀಡಿನಿಂದ ಪತ್ರ ಬರೆಯುತ್ತಿದ್ದವನು ವೆಲ್ಲೆಸ್ಲಿ. ಆ ಪತ್ರಗಳಲ್ಲಿ ಧೋಂಡಿಯಾ ಎಷ್ಟು ಭಯಂಕರನೋ ಅವನನ್ನು ಕೊಂದವನು ಅಷ್ಟು ದೊಡ್ಡವನು. ಅನಾಥ ಹುಡುಗನ ಪ್ರಸಂಗ ಬಂದರೆ ಗೆದ್ದವನು ದಯಾಳುವೂ ಆಗುತ್ತಾನೆ. ಹುಡುಗನನ್ನು ಸಾಕಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ, ಅದು ನಿಜ. ಆದರೆ ಧೋಂಡಿಯಾನ ಕಡೆಯ ಒಂದು ಪತ್ರದ ಕಟ್ಟು ಅಷ್ಟೇ ದಪ್ಪನಾಗಿ ಉಳಿದಿದ್ದರೆ ಕಥೆಯ ಆಕಾರ ಬೇರೆಯೇ ಇರುತ್ತಿತ್ತು. ಹೀಗಿರುವಾಗ ‘ಡಕಾಯಿತ’ ಎಂದವರೂ ‘ಸ್ವಾತಂತ್ರ್ಯದ ಹುಲಿ’ ಎಂದವರೂ ಒಂದೇ ತಪ್ಪು ಮಾಡುತ್ತಾರೆ: ಗೆದ್ದವರು ಹೆಣೆದ ಸಾಹಸದ ಚೌಕಟ್ಟನ್ನು ಹಾಗೇ ಇಟ್ಟುಕೊಂಡು, ಖಳನ ಜಾಗಕ್ಕೆ ನಾಯಕನನ್ನೋ ನಾಯಕನ ಜಾಗಕ್ಕೆ ಖಳನನ್ನೋ ಕೂರಿಸುತ್ತಾರೆ. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ. ಸೆರೆಯಿಂದ ಬರಿಗೈಲಿ ಹೊರಬಂದವನೊಬ್ಬನ ಸುತ್ತ ಒಂದೇ ವರ್ಷದಲ್ಲಿ ಸಾವಿರಾರು ಕುದುರೆ ಸವಾರರು ಎಲ್ಲಿಂದ ಬಂದರು? ಉತ್ತರ ಸರಳ: ಟಿಪ್ಪುವಿನ ರಾಜ್ಯ ಬಿದ್ದ ದಿನವೇ ಅವನ ಸೇನೆಯ ಅನ್ನವೂ ನಿಂತಿತ್ತು. ಕುದುರೆ, ಕತ್ತಿ ಇದ್ದು ಸಂಬಳ ಇಲ್ಲದ ಜನ ನಾಡಿನ ತುಂಬ ಚೆಲ್ಲಿಹೋಗಿದ್ದರು. ಧೋಂಡಿಯಾ ಅವರಿಗೊಂದು ಕೇಂದ್ರವಾದ. ಹುಲಿಯ ಪರಾಕ್ರಮ ವರ್ಣಿಸುವ ಭರದಲ್ಲಿ ಒಂದು ಇಡೀ ಸೈನ್ಯ ಬೀದಿಪಾಲಾದ ಸಂಗತಿ ಮರೆಗೆ ಸರಿಯುತ್ತದೆ. 1799ರ ಮೈಸೂರು ಸೀಮೆಯನ್ನು ತಿಳಿಯಲು ಬೇಕಾದದ್ದು ಅದೇ ಸಂಗತಿ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳಲ್ಲಿ ಮೊದಲನೆಯದು ಹುಡುಗರ ಪರವಾದದ್ದು. ಆರು ಜನರ ಹೆಸರು, ಸಂಬಳ ನಿಂತ ಸೈನಿಕರು, ಸರ್ವೋದಯ ಎಂದೆಲ್ಲ ಶುರುಮಾಡಿದರೆ ಹತ್ತು ವರ್ಷದ ಮಗು ಪುಸ್ತಕ ಮುಚ್ಚಿಡುತ್ತದೆ. ಮೊದಲು ರುಚಿ ಹತ್ತಲಿ, ವಿಚಾರ ಆಮೇಲೆ ಬರುತ್ತದೆ ಎನ್ನುತ್ತಾರೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ರುಚಿಗೂ ಸತ್ಯಕ್ಕೂ ಇಲ್ಲಿ ಕಲ್ಪಿಸಿರುವ ವಿರೋಧ ನಿಜವಾಗಿ ಇಲ್ಲ. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಕನ್ನಡದ ಹುಡುಗರು ಉಸಿರು ಬಿಗಿಹಿಡಿದು ಓದುವ ಪುಸ್ತಕಗಳು ಅವು. ನರಭಕ್ಷಕನನ್ನು ಒಬ್ಬನೇ ಎದುರಿಸಿದ ಬಿಳಿಯ ಬೇಟೆಗಾರ ಎಂದು ತನ್ನನ್ನು ಮೆರೆಸಿಕೊಳ್ಳಲು ಆಂಡರ್ಸನ್ನರಿಗೆ ಎಲ್ಲ ಅವಕಾಶವೂ ಇತ್ತು. ಆದರೂ ಕಾಡಿನವನಾದ ಪೂಜಾರಿ ಬೈರನಿಂದ ತಾನು ಕಲಿತದ್ದನ್ನು, ರಂಗನ ನೆರವನ್ನು ಅವರು ಹೆಸರು ಹಿಡಿದು ಹೇಳುತ್ತಾರೆ. ಹೆಜ್ಜೆ ಗುರುತು ಓದಬಲ್ಲವನು ಯಾರೆಂದು ಗೊತ್ತಾದದ್ದರಿಂದ ಯಾವ ಮಗುವೂ ಪುಸ್ತಕ ಕೆಳಗಿಟ್ಟಿಲ್ಲ. ಹಾಗೆ ನೋಡಿದರೆ ನೋವಿನಲ್ಲಿರುವ ಗೆಳೆಯನನ್ನು ಹೊತ್ತು ಕಾಡಿನಲ್ಲಿ ನಡೆಯುವ ಶುಕ್ಲರ ಚಿತ್ರ ಗೋಡೆ ಹಾರುವ ಜೆ.ಪಿ.ಯ ಚಿತ್ರಕ್ಕಿಂತ ಮಗುವಿನ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ ಎಂದು ನನ್ನ ನಂಬಿಕೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿ. ಧೈರ್ಯ ಎಂಬುದಕ್ಕೇ ಒಂದು ಬೆಲೆ ಇಲ್ಲವೇ? ಉದ್ದೇಶ, ಪರಿಣಾಮ ಏನೇ ಇರಲಿ, ಪ್ರಾಣದ ಹಂಗು ತೊರೆದವನನ್ನು ಕಂಡು ಮನಸ್ಸು ಬಾಗುವುದು ತಪ್ಪೇ? ತಪ್ಪಲ್ಲ. ಮಹಾದೇವಪ್ಪನವರ ದಾರಿಯನ್ನು ಒಪ್ಪದ ಕಟ್ಟಾ ಗಾಂಧಿವಾದಿಯೂ ಅವರಿಗೆ ತಲೆಬಾಗಬಹುದು. ಆದರೆ ಧೈರ್ಯವನ್ನು ಕೆಲಸದಿಂದ ಕಿತ್ತು ಬೇರೆ ಇಟ್ಟುಬಿಟ್ಟರೆ, ಗೋಡೆ ಹಾರುವ ಕಳ್ಳನನ್ನೂ ಗೋಡೆ ಹಾರುವ ಜೆ.ಪಿ.ಯನ್ನೂ ಬೇರ್ಪಡಿಸಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಬ್ಬರೂ ಅಷ್ಟೇ ಎತ್ತರದ ಗೋಡೆಯಿಂದ ಇಳಿದವರು. ಅದೂ ಅಲ್ಲದೆ, ಇವರ ಧೈರ್ಯದಲ್ಲಿ ಹೆಚ್ಚಿನದು ಸಾಹಸದ ಹೊತ್ತಿನಲ್ಲೇ ಇರಲಿಲ್ಲ. ಲಾಹೋರ್ ಕೋಟೆಯಲ್ಲಿ ಬಾಯಿಬಿಡದೆ ಕಳೆದ ರಾತ್ರಿಗಳಿಗೆ ಬೇಕಾದ ಧೈರ್ಯ ಗೋಡೆ ಹಾರಲು ಬೇಕಾದದ್ದಕ್ಕಿಂತ ದೊಡ್ಡದು. ನಾನು ಹಿಂದೆ ಹಿಡಿದ ದಾರಿ ಸಾಲದು ಎಂದು ದೇಶದೆದುರು ಒಪ್ಪಿಕೊಳ್ಳಲು ಬೇಕಾದ ಧೈರ್ಯ ಅದಕ್ಕಿಂತಲೂ ದೊಡ್ಡದು. ಧೈರ್ಯವನ್ನೇ ಗೌರವಿಸುವವರು ಅದು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಅದನ್ನು ಹುಡುಕಬೇಕು.

ಮೂರನೆಯವರು ಹೇಳುತ್ತಾರೆ: ಎಲ್ಲ ಇತಿಹಾಸವೂ ಆಯ್ಕೆಯೇ, ನೀವೂ ಆರಿಸಿಕೊಂಡೇ ಬರೆದಿದ್ದೀರಿ. ಒಪ್ಪುತ್ತೇನೆ, ಬಿಡದೆ ಬರೆಯಲು ಯಾರಿಂದಲೂ ಆಗದು. ಆದರೆ ಬಿಡುವುದಕ್ಕೂ ಒಂದು ಅಳತೆ ಇದೆ. ಬಿಟ್ಟ ಸಂಗತಿ ಇಲ್ಲದೆಯೂ ಘಟನೆ ನಡೆಯುತ್ತಿತ್ತೇ ಎಂದು ಕೇಳಿಕೊಳ್ಳಿ. ಆ ರಾತ್ರಿ ಜೈಲಿನಲ್ಲಿ ಏನು ಅಡುಗೆಯಾಗಿತ್ತು ಎಂಬುದನ್ನು ಬಿಟ್ಟರೆ ನಷ್ಟವಿಲ್ಲ. ಶುಕ್ಲರನ್ನು ಬಿಟ್ಟರೆ ಜೆ.ಪಿ. ಕಾಡಿನಲ್ಲೇ ಉಳಿಯುತ್ತಾರೆ. ಸಂಬಳವಿಲ್ಲದ ಸವಾರರನ್ನು ಬಿಟ್ಟರೆ ಧೋಂಡಿಯಾನಿಗೆ ಸೈನ್ಯವೇ ಇಲ್ಲ. ಇಂಥದ್ದನ್ನು ಬಿಡುವುದು ಆಯ್ಕೆಯಲ್ಲ, ಕಾರಣವನ್ನೇ ಅಳಿಸುವುದು.

ಹಾವೇರಿಯ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ, ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ಬಡಾವಣೆಗೆ ಜೆ.ಪಿ.ಯವರ ಹೆಸರಿದೆ. ಎರಡೂ ಯೋಗ್ಯವಾದ ಗೌರವ, ಇರಲೇಬೇಕು. ಫಲಕದ ಮೇಲೆ ಒಂದೇ ಹೆಸರಿಗೆ ಜಾಗ. ಮನೆಯಲ್ಲಿ ಮಕ್ಕಳಿಗೆ ಕಥೆ ಹೇಳುವಾಗ ಆ ಇಕ್ಕಟ್ಟು ಇಲ್ಲ. ಹೊಸರಿತ್ತಿಯಲ್ಲಿ ಮಹಾದೇವಪ್ಪನವರ ಜೊತೆ ಗುಂಡಿಗೆ ಬಿದ್ದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಹಜಾರಿಬಾಗಿನಲ್ಲಿ ಜೆ.ಪಿ., ಯೋಗೇಂದ್ರ ಶುಕ್ಲ, ಸೂರಜ್ ನಾರಾಯಣ ಸಿಂಹರ ಜೊತೆ ಗೋಡೆ ದಾಟಿದ ಉಳಿದ ಮೂವರು ರಾಮನಂದನ ಮಿಶ್ರ, ಶಾಲಿಗ್ರಾಮ ಸಿಂಹ ಮತ್ತು ಗುಲಾಬಚಂದ್ ಗುಪ್ತ.